ಬೆಳಕಿನ ‘ಲ್ಯೂಸಿಡ್’, ನೀರಿನ ‘ತಿಳಿ’: ಒಂದು ಅರ್ಥಚರಿತ್ರೆ

ವಿಜಯಪುರ ನಗರದ ಇಬ್ರಾಹಿಂಪುರದಂತಹ ಬಡಾವಣೆಗಳ ಕನ್ನಡದಲ್ಲಿ ಸ್ಪಷ್ಟತೆಗೆ ಸಂಬಂಧಿಸಿದ ಮೂರು ಗುಣವಾಚಕಗಳು ಜೊತೆಜೊತೆಯಾಗಿ ಬಳಕೆಯಲ್ಲಿವೆ. ಮುಚ್ಚುಮರೆಯಿಲ್ಲದ ಮಾತು ‘ಸಾಫ್’. ಕಚೇರಿಯ ಆದೇಶ ‘ಸ್ಪಷ್ಟ’. ರಾಡಿ ತಳಕ್ಕಿಳಿದ ನೀರು ‘ತಿಳಿ’. ಮೊದಲನೆಯದು ಅರಬ್ಬಿ ಮೂಲದ್ದು. ಆದಿಲ್‌ಶಾಹಿಗಳ ರಾಜಧಾನಿಯಾಗಿದ್ದು (1490–1686) ಫಾರಸಿ, ದಖನಿಗಳೊಡನೆ ದೀರ್ಘಕಾಲ ಬಾಳಿದ ಊರಿನಲ್ಲಿ ಇದು ಅಚ್ಚರಿಯಲ್ಲ. ಎರಡನೆಯದು ಸಂಸ್ಕೃತದ್ದು, ಮೂರನೆಯದು ದ್ರಾವಿಡ. ಇಂಗ್ಲಿಷಿನ ‘ಲ್ಯೂಸಿಡ್’ಗೆ ಇವುಗಳಲ್ಲಿ ಸಂವಾದಿ ಯಾವುದು? ಅನುವಾದದ ರೂಢಿ ‘ಸ್ಪಷ್ಟ’ವನ್ನು ಆರಿಸುತ್ತದೆ. ಈ ಆಯ್ಕೆ ಮರುಪರಿಶೀಲನೆಗೆ ಅರ್ಹವೆಂದು ನಾವು ವಾದಿಸುತ್ತೇವೆ.

‘ಲ್ಯೂಸಿಡ್’ ಲ್ಯಾಟಿನ್ನಿನ ‘ಲೂಕಿದುಸ್’ನಿಂದ ಬಂದದ್ದು, ಅದರ ಹಿಂದಿರುವುದು ಬೆಳಕು ಎಂಬರ್ಥದ ‘ಲೂಕ್ಸ್’. 16ನೆಯ ಶತಮಾನದ ಕೊನೆಯಲ್ಲಿ ಇಂಗ್ಲಿಷಿಗೆ ಬಂದಾಗ ಅದರ ಅರ್ಥ ‘ಹೊಳೆಯುವ’ ಎಂದಷ್ಟೇ. ನ್ಯಾಯಶಾಸ್ತ್ರದ ‘ಲ್ಯೂಸಿಡ್ ಇಂಟರ್ವಲ್’ ಎಂಬ ಪದಪುಂಜ ಚಿತ್ತವಿಕಲತೆಯ ನಡುವೆ ಬುದ್ಧಿ ಸ್ವಸ್ಥವಾಗುವ ಅವಧಿಯನ್ನು ಹೇಳುತ್ತದೆ. ‘ಸುಬೋಧವಾದ ಬರಹ’ ಎಂಬ ಅರ್ಥ ಅನಂತರದ ಬೆಳವಣಿಗೆ.

‘ತಿಳಿ’ಯ ದಾರಿ ಬೇರೆ. ತಮಿಳು, ಮಲಯಾಳಂಗಳ ‘ತೆಳಿ’ ಕನ್ನಡದಲ್ಲಿ ‘ತಿಳಿ’ಯಾಗಿರುವುದು ಮುಂದಿನ ಉಚ್ಚ ಸ್ವರದ ಪ್ರಭಾವದಿಂದ, ತಮಿಳಿನ ‘ಪೊಡಿ’ಗೆ ಕನ್ನಡದ ‘ಪುಡಿ’ ಸಂವಾದಿಯಾಗಿರುವುದೂ ಇದೇ ನಿಯಮದಂತೆ. ಬರೋ ಮತ್ತು ಎಮೆನೋ ಅವರ ದ್ರಾವಿಡ ನಿಷ್ಪತ್ತಿ ನಿಘಂಟು (1961) ಈ ರೂಪಗಳನ್ನು ಒಂದೇ ಉಲ್ಲೇಖದಡಿ ಸೇರಿಸುತ್ತದೆ. ಕದಡಿದ್ದು ತಳಕ್ಕಿಳಿಯುವ ಅರ್ಥದಿಂದ ಎರಡು ಕವಲುಗಳು ಒಡೆದಿವೆಯೆಂದು ನಾವು ಭಾವಿಸುತ್ತೇವೆ: ಅರಿವು (‘ನನಗೆ ತಿಳಿಯಿತು’) ಮತ್ತು ಶಾಂತಿ (‘ಪರಿಸ್ಥಿತಿ ತಿಳಿಯಾಯಿತು’).

ಈಗ ಪ್ರಯೋಗಗಳನ್ನು ಹೋಲಿಸೋಣ. ‘ಸ್ಪಷ್ಟ ಎಚ್ಚರಿಕೆ’ ಸಹಜ, ‘ತಿಳಿ ಎಚ್ಚರಿಕೆ’ ಅಸಹಜ. ಇಂಗ್ಲಿಷಿನಲ್ಲಿಯೂ ಎಚ್ಚರಿಕೆ ‘ಕ್ಲಿಯರ್’ ಆಗಬಲ್ಲುದು, ‘ಲ್ಯೂಸಿಡ್’ ಆಗದು. ‘ತಿಳಿಗನ್ನಡ’ ಶೈಲಿಯ ಗುಣ; ‘ಸ್ಪಷ್ಟ ಕನ್ನಡ’ ಎಂದರೆ ಮೊದಲು ನೆನಪಾಗುವುದು ಉಚ್ಚಾರಣೆ. ಕಲಕಿದ ಮನಸ್ಸು ‘ತಿಳಿ’ಯಾಗುತ್ತದೆ, ಅಲ್ಲಿ ‘ಸ್ಪಷ್ಟವಾಯಿತು’ ಒಪ್ಪುವುದಿಲ್ಲ. ಅಂದರೆ ‘ಕ್ಲಿಯರ್’ಗೆ ‘ಸ್ಪಷ್ಟ’ ಹೇಗೋ ‘ಲ್ಯೂಸಿಡ್’ಗೆ ‘ತಿಳಿ’ ಹಾಗೆ. ಒಂದು ಬೆಳಕಿನಿಂದ, ಇನ್ನೊಂದು ನೀರಿನಿಂದ ಹೊರಟು ಬರಹ ಮತ್ತು ಮನಸ್ಸು ಎಂಬ ಅವೇ ಎರಡು ಕ್ಷೇತ್ರಗಳನ್ನು ತಲುಪಿವೆ.

ಈ ಸಂವಾದಿತ್ವಕ್ಕೆ ಮಿತಿಯೂ ಉಂಟು. ‘ತಿಳಿಹಳದಿ’ಯಲ್ಲಿ ‘ತಿಳಿ’ ಎಂದರೆ ಕೇವಲ ನಸು ಬಣ್ಣ. ‘ತಿಳಿ ವಾದ’ ಇನ್ನೂ ರೂಢಿಗೆ ಬಂದಿಲ್ಲ. ಆದರೂ ದ್ವಿಭಾಷಾ ಸಾರಲೇಖ ಬರೆಯುವ ಸಂಶೋಧಕರು ಎರಡೂ ಇಂಗ್ಲಿಷ್ ಪದಗಳಿಗೆ ‘ಸ್ಪಷ್ಟ’ವೊಂದನ್ನೇ ಇಟ್ಟರೆ, ಕನ್ನಡದಲ್ಲಿ ಈಗಾಗಲೇ ಇರುವ ಅರ್ಥಭೇದವೊಂದು ಶಾಸ್ತ್ರಭಾಷೆಯಿಂದ ಅಳಿಯುತ್ತದೆ. ಸ್ಪಷ್ಟವಾಗಿದ್ದೂ ತಿಳಿಯಾಗಿರದ ಪ್ರಬಂಧಗಳುಂಟು. ಆ ಕೊರತೆಯನ್ನು ಹೆಸರಿಸಲಿಕ್ಕಾದರೂ ಈ ಪದ ನಮಗೆ ಬೇಕು.