ಓಟದ ಪರೀಕ್ಷೆಗೆ ಸಿದ್ಧತೆ: ನಿಯಮಿತವಾಗಿ ಓಡಲು ಮನಸ್ಸನ್ನು ಅಣಿಗೊಳಿಸುವ ಬಗ್ಗೆ ಅಭ್ಯರ್ಥಿಗಳಿಗೆ ಮಾಹಿತಿ

ಪೀಠಿಕೆ

ಕರ್ನಾಟಕ ರಾಜ್ಯ ಪೊಲೀಸ್ ಇಲಾಖೆಯ ಕಾನ್‌ಸ್ಟೇಬಲ್ ಹುದ್ದೆಗಳಿಗೆ ಅರ್ಜಿ ಸಲ್ಲಿಸುವ ಅಭ್ಯರ್ಥಿಗಳು ಲಿಖಿತ ಪರೀಕ್ಷೆಯ ಜೊತೆಗೆ ಸಹಿಷ್ಣುತೆ ಪರೀಕ್ಷೆಯಲ್ಲಿಯೂ ಅರ್ಹರಾಗಬೇಕಾಗುತ್ತದೆ. ಸಹಿಷ್ಣುತೆ ಪರೀಕ್ಷೆಗೆ ಅಂಕಗಳಿರುವುದಿಲ್ಲ. ಇದು ಕೇವಲ ಅರ್ಹತಾದಾಯಕವಾಗಿರುತ್ತದೆ. ಆದರೆ ಇದರಲ್ಲಿ ಅನುತ್ತೀರ್ಣರಾದವರು ಲಿಖಿತ ಪರೀಕ್ಷೆಯಲ್ಲಿ ಎಷ್ಟೇ ಅಂಕ ಗಳಿಸಿದ್ದರೂ ಆಯ್ಕೆಗೆ ಪರಿಗಣಿತರಾಗುವುದಿಲ್ಲ. ಓದಿಗೆ ವರ್ಷಗಟ್ಟಲೆ ಶ್ರಮಿಸಿದವರು ಕೆಲವೇ ಸೆಕೆಂಡುಗಳ ಅಂತರದಲ್ಲಿ ಅವಕಾಶ ಕಳೆದುಕೊಳ್ಳುವ ಸಂಭವ ಇರುವುದರಿಂದ ಈ ಮಾಹಿತಿಯನ್ನು ನೀಡಲಾಗಿದೆ.

ನಿಗದಿತ ಮಾನದಂಡ

ಇತ್ತೀಚಿನ ವರ್ಷಗಳ ಅಧಿಸೂಚನೆಗಳಂತೆ ಪುರುಷ ಅಭ್ಯರ್ಥಿಗಳು 1600 ಮೀಟರ್ ದೂರವನ್ನು 6 ನಿಮಿಷ 30 ಸೆಕೆಂಡುಗಳೊಳಗೆ, ಮಹಿಳಾ ಅಭ್ಯರ್ಥಿಗಳು ಹಾಗೂ ಮಾಜಿ ಸೈನಿಕರು 400 ಮೀಟರ್ ದೂರವನ್ನು 2 ನಿಮಿಷಗಳೊಳಗೆ ಓಡಬೇಕು. 400 ಮೀಟರ್ ಸುತ್ತಳತೆಯ ಮೈದಾನದಲ್ಲಿ 1600 ಮೀಟರ್ ಎಂದರೆ 4 ಸುತ್ತುಗಳು. ಪ್ರತಿ ಸುತ್ತಿಗೆ ದೊರೆಯುವ ಕಾಲ ಸುಮಾರು 97 ಸೆಕೆಂಡು. 400 ಮೀಟರ್ ಓಟದಲ್ಲಿ ಪ್ರತಿ 100 ಮೀಟರಿಗೆ 30 ಸೆಕೆಂಡು ದೊರೆಯುತ್ತದೆ. ಅಭ್ಯರ್ಥಿಗಳು ತಾವು ಅರ್ಜಿ ಸಲ್ಲಿಸಿದ ಹುದ್ದೆಯ ಅಧಿಸೂಚನೆಯಲ್ಲಿನ ಮಾನದಂಡವನ್ನೇ ಅಂತಿಮವೆಂದು ಪರಿಗಣಿಸತಕ್ಕದ್ದು.

ಅಭ್ಯಾಸವನ್ನು ಯಾವಾಗ ಆರಂಭಿಸಬೇಕು?

ಕರೆಪತ್ರ ಬಂದ ನಂತರ ಓಡಿದರಾಯಿತು ಎಂಬ ಭಾವನೆ ಸಾಮಾನ್ಯವಾಗಿದೆ. ಇದು ಸರಿಯಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಜನರನ್ನು ಅಧ್ಯಯನ ಮಾಡಿ 2010ರಲ್ಲಿ ಪ್ರಕಟಿಸಿದ ವರದಿಯಂತೆ, ಹೊಸ ಕೆಲಸವೊಂದು ತಾನಾಗಿಯೇ ನಡೆಯುವಷ್ಟು ರೂಢಿಯಾಗಲು ಸರಾಸರಿ 66 ದಿನಗಳು ಬೇಕಾದವು. ಕೆಲವರಿಗೆ 18 ದಿನ ಸಾಕಾದರೆ, ಇನ್ನು ಕೆಲವರಿಗೆ 254 ದಿನಗಳವರೆಗೂ ಬೇಕಾಗಬಹುದೆಂದು ಅಂದಾಜಿಸಲಾಯಿತು. ಆದುದರಿಂದ ಅರ್ಜಿ ಸಲ್ಲಿಸಿದ ದಿನದಿಂದಲೇ ಅಭ್ಯಾಸ ಆರಂಭಿಸುವುದು ಸೂಕ್ತ. ಮಧ್ಯೆ ಒಂದು ದಿನ ತಪ್ಪಿದರೆ ರೂಢಿಗೆ ಗಣನೀಯ ಧಕ್ಕೆಯಾಗುವುದಿಲ್ಲವೆಂಬುದೂ ಅದೇ ಅಧ್ಯಯನದಿಂದ ಕಂಡುಬಂದಿದೆ. ಒಂದು ದಿನ ತಪ್ಪಿತೆಂದು ಅಭ್ಯಾಸವನ್ನೇ ಕೈಬಿಡುವ ಅಗತ್ಯವಿಲ್ಲ.

ಮನಸ್ಸಾಗದಿದ್ದಲ್ಲಿ ಅನುಸರಿಸಬಹುದಾದ ಕ್ರಮಗಳು

ಓಡುವ ಉತ್ಸಾಹ ಮೊದಲು ಬರಲಿ, ನಂತರ ಓಡೋಣ ಎಂದು ಕಾಯುವವರಿಗೆ ಆ ದಿನ ಬರುವುದು ವಿರಳ. ಬಹುತೇಕ ಸಂದರ್ಭಗಳಲ್ಲಿ ಓಟ ಆರಂಭವಾದ ಮೇಲೆಯೇ ಉತ್ಸಾಹ ಮೂಡುತ್ತದೆ. ಆದ್ದರಿಂದ ನಿರ್ಧಾರವನ್ನು ಬೆಳಗಿನ ಮನಸ್ಥಿತಿಗೆ ಬಿಡದೆ ಹಿಂದಿನ ರಾತ್ರಿಯೇ ಕೈಗೊಳ್ಳುವುದು ಉತ್ತಮ.

1. ಸಮಯ ಮತ್ತು ಸ್ಥಳವನ್ನು ಖಚಿತಪಡಿಸಿಕೊಳ್ಳುವುದು. "ನಾಳೆ ಓಡುತ್ತೇನೆ" ಎನ್ನುವುದಕ್ಕಿಂತ "ಬೆಳಿಗ್ಗೆ 6 ಗಂಟೆಗೆ ಶಾಲಾ ಮೈದಾನದಲ್ಲಿ ಓಡುತ್ತೇನೆ" ಎಂಬ ನಿರ್ಧಾರ ಹೆಚ್ಚು ಫಲಕಾರಿ.

2. ಬೂಟು, ಕಾಲುಚೀಲ ಹಾಗೂ ಉಡುಪನ್ನು ರಾತ್ರಿಯೇ ಹಾಸಿಗೆಯ ಪಕ್ಕದಲ್ಲಿ ಇರಿಸಿಕೊಳ್ಳುವುದು.

3. ಮನಸ್ಸಾಗದ ದಿನ ಗುರಿಯನ್ನು ಕಿರಿದಾಗಿಸುವುದು. ಬೂಟು ಧರಿಸಿ ಮೈದಾನದವರೆಗೆ ನಡೆದು ಹೋದರೆ ಸಾಕು ಎಂದುಕೊಳ್ಳುವುದು. ಅಲ್ಲಿಗೆ ತಲುಪಿದವರು ಓಡದೆ ಹಿಂತಿರುಗುವುದು ಕಡಿಮೆ.

4. ಊರಿನ ಇತರ ಅಭ್ಯರ್ಥಿಗಳೊಂದಿಗೆ ಜೊತೆಗೂಡುವುದು. ಒಬ್ಬರು ಕಾಯುತ್ತಿದ್ದಾರೆ ಎಂಬ ಅರಿವು ಇನ್ನೊಬ್ಬರನ್ನು ಎಬ್ಬಿಸುತ್ತದೆ. ನಸುಕಿನಲ್ಲಿ ಓಡುವವರಿಗೆ ಸುರಕ್ಷತೆಯ ದೃಷ್ಟಿಯಿಂದಲೂ ಇದು ಅವಶ್ಯ.

5. ಓಡಿದ ದಿನ, ದೂರ ಮತ್ತು ಕಾಲವನ್ನು ನೋಟ್ ಪುಸ್ತಕದಲ್ಲಿ ಬರೆದಿಡುವುದು. ತಿಂಗಳ ಕೊನೆಯಲ್ಲಿ ಕಾಣುವ ಪ್ರಗತಿಯೇ ಮುಂದಿನ ತಿಂಗಳಿಗೆ ಪ್ರೇರಣೆ.

6. ತನ್ನ ವೇಗವನ್ನು ಇತರರ ವೇಗದೊಂದಿಗೆ ಹೋಲಿಸದಿರುವುದು. ಪರೀಕ್ಷೆಯಲ್ಲಿ ಮೊದಲನೆಯವರಾಗಿ ಬರಬೇಕೆಂಬ ನಿಯಮವಿಲ್ಲ. ನಿಗದಿತ ಕಾಲದೊಳಗೆ ಬಂದರೆ ಸಾಕು.

1600 ಮೀಟರ್ ಓಟಕ್ಕೆ 12 ವಾರಗಳ ಸರಳ ಕ್ರಮ

ಹೊಸಬರು ವಾರಕ್ಕೆ 4 ದಿನ ಓಡಿ, ಉಳಿದ ದಿನಗಳಲ್ಲಿ ಅದೇ ಸಮಯಕ್ಕೆ ನಡಿಗೆ ಮಾಡಬಹುದು.

1ರಿಂದ 2ನೇ ವಾರ: 2 ನಿಮಿಷ ನಡಿಗೆ, 1 ನಿಮಿಷ ನಿಧಾನ ಓಟ, ಒಟ್ಟು 20 ನಿಮಿಷ.

3ರಿಂದ 6ನೇ ವಾರ: ಮಾತನಾಡಲು ಸಾಧ್ಯವಾಗುವಷ್ಟು ನಿಧಾನವಾಗಿ ಓಡುತ್ತಾ, ನಿಲ್ಲದೆ 20 ನಿಮಿಷ ಓಡುವ ಹಂತ ತಲುಪುವುದು.

7ರಿಂದ 10ನೇ ವಾರ: ವಾರಕ್ಕೊಮ್ಮೆ 400 ಮೀಟರ್ ದೂರವನ್ನು ಪರೀಕ್ಷೆಯ ವೇಗದಲ್ಲಿ 4 ಬಾರಿ, ನಡುವೆ ವಿಶ್ರಾಂತಿಯೊಂದಿಗೆ.

11ರಿಂದ 12ನೇ ವಾರ: ಪೂರ್ಣ ದೂರದ ಪ್ರಾಯೋಗಿಕ ಓಟ. ಮೊದಲ ಸುತ್ತನ್ನೇ ಅತಿ ವೇಗವಾಗಿ ಓಡಿ ಕೊನೆಯ ಸುತ್ತಿನಲ್ಲಿ ಬಳಲುವುದನ್ನು ಇಲ್ಲಿಯೇ ತಿದ್ದಿಕೊಳ್ಳಬೇಕು. ಪರೀಕ್ಷೆಗೆ ಮುಂಚಿನ 2 ದಿನ ಲಘು ನಡಿಗೆ ಮಾತ್ರ.

400 ಮೀಟರ್ ಓಡಬೇಕಾದ ಅಭ್ಯರ್ಥಿಗಳು ಮೊದಲ 6 ವಾರ ಇದೇ ಕ್ರಮವನ್ನು ಅನುಸರಿಸಿ, ನಂತರ ವಾರಕ್ಕೊಮ್ಮೆ 100 ಮೀಟರ್ ದೂರವನ್ನು 30 ಸೆಕೆಂಡುಗಳಿಗಿಂತ ತುಸು ವೇಗವಾಗಿ 4ರಿಂದ 6 ಬಾರಿ ಓಡುವುದು ಸೂಕ್ತ.

ಎಚ್ಚರಿಕೆ

ಎದೆನೋವು, ತಲೆಸುತ್ತು, ಅತಿಯಾದ ಉಸಿರುಕಟ್ಟುವಿಕೆ ಕಂಡುಬಂದಲ್ಲಿ ಕೂಡಲೇ ಓಟ ನಿಲ್ಲಿಸಿ ವೈದ್ಯರನ್ನು ಕಾಣತಕ್ಕದ್ದು. ಹೃದ್ರೋಗ, ಆಸ್ತಮಾ ಇರುವವರು ಹಾಗೂ ಗರ್ಭಿಣಿಯರು ವೈದ್ಯರ ಸಲಹೆ ಪಡೆಯದೆ ಅಭ್ಯಾಸ ಆರಂಭಿಸಬಾರದು. ನೋವು ನಿವಾರಕ ಮಾತ್ರೆ ನುಂಗಿ ಓಡುವುದು ಅಪಾಯಕಾರಿ. ಬಿಸಿಲೇರುವ ಮುನ್ನವೇ ಅಭ್ಯಾಸ ಮುಗಿಸಿ, ಸಾಕಷ್ಟು ನೀರು ಕುಡಿಯಬೇಕು.

ನೇಮಕಾತಿಯ ಫಲಿತಾಂಶ ಏನೇ ಇರಲಿ, ಈ ಅಭ್ಯಾಸ ವ್ಯರ್ಥವಾಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2020ರ ಮಾರ್ಗಸೂಚಿಯಲ್ಲಿ ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಪ್ರಮಾಣದ ಅಥವಾ 75 ನಿಮಿಷಗಳ ತೀವ್ರ ಪ್ರಮಾಣದ ದೈಹಿಕ ಚಟುವಟಿಕೆಯನ್ನು ಶಿಫಾರಸು ಮಾಡಿದೆ. ಮೇಲ್ಕಂಡ ಕ್ರಮವನ್ನು ಮುಂದುವರಿಸುವ ಅಭ್ಯರ್ಥಿಗಳು ಈ ಪ್ರಮಾಣವನ್ನು ಸುಲಭವಾಗಿ ತಲುಪಬಹುದಾಗಿದೆ.