ಗೊಬ್ಬರದ ಗಾಡಿಯ ಟೈರು, ಸೋತವನ ಕುಣಿತ

ಒಂದು ಹಳೇ ವಿಡಿಯೋ ಇದೆ, 1981ರದ್ದು. ಅಮೆರಿಕದ ಮಿಸೌರಿ ಕಡೆಯ ಒಂದು ಹೊಲ. ಎರಡು ಗುಜರಿ ಕಾರುಗಳನ್ನ ಪಕ್ಕಪಕ್ಕ ನಿಲ್ಲಿಸಿದ್ದಾರೆ. ಮೈಗೆ ಒಪ್ಪದಷ್ಟು ದೊಡ್ಡ ಟೈರು ಹಾಕ್ಕೊಂಡ ನೀಲಿ ಪಿಕಪ್ ಟ್ರಕ್ಕೊಂದು ನಿಧಾನಕ್ಕೆ ಬರುತ್ತೆ, ಕಾರಿನ ಮೇಲೆ ಹತ್ತುತ್ತೆ, ಕಾರುಗಳು ಅಪ್ಪಚ್ಚಿಯಾಗ್ತವೆ, ಟ್ರಕ್ಕು ಆ ಕಡೆ ಇಳಿಯುತ್ತೆ. ಅಷ್ಟೇ. ಸ್ಟೇಡಿಯಂ ಇಲ್ಲ, ಟಿಕೆಟ್ ಇಲ್ಲ, ಬಹುಮಾನ ಇಲ್ಲ.

ಮಾನ್‌ಸ್ಟರ್ ಟ್ರಕ್ ಶೋಗಳನ್ನ ಟಿವಿಯಲ್ಲಿ ಮೊದಲು ನೋಡಿದಾಗ, ದುಡ್ಡು ಹೆಚ್ಚಾದವರ ಹುಚ್ಚು ಇದು ಅಂದ್ಕೊಂಡು ಚಾನೆಲ್ ಬದಲಾಯಿಸಿದ್ದೆ. ಐದು ಟನ್ ತೂಕದ ಗಾಡಿ ಗಾಳಿಗೆ ಹಾರೋದು, ಬಿದ್ದು ಚಕ್ರ ಕಳಚ್ಕೊಳ್ಳೋದು, ಜನ ಎದ್ದು ನಿಂತು ಕೂಗೋದು... ಇದ್ರಲ್ಲಿ ಇತಿಹಾಸ ಅಂತ ಬೇರೆ ಇರುತ್ತಾ? ಇದೆ ಅಂತ ಗೊತ್ತಾಗಿದ್ದು ಮೇಲೆ ಹೇಳಿದ ವಿಡಿಯೋದ ಹಿಂದೆ ಬಿದ್ದ ಮೇಲೆ. ಕೂತು ಯೋಜನೆ ಮಾಡಿ ಈ ಆಟವನ್ನ ಯಾರೂ ಹುಟ್ಟಿಸಲಿಲ್ಲ. ಅಂಗಡಿಯೊಂದರ ಜಾಹೀರಾತು ಕೈತಪ್ಪಿ ಹೋಗಿ ಹೀಗಾಯ್ತು!

ಅಂಗಡಿ ಸೇಂಟ್ ಲೂಯಿಸ್ ಊರಿನ ಬಳಿಯದು. ಮಾಲೀಕ ಬಾಬ್ ಚಾಂಡ್ಲರ್, ಮೊದಲು ಕಟ್ಟಡ ಕಂಟ್ರಾಕ್ಟರ್ ಆಗಿದ್ದವನು. 1974ರ ಮಾಡೆಲ್‌ನ ಒಂದು ಫೋರ್ಡ್ ಎಫ್-250 ಪಿಕಪ್ ಇತ್ತು ಅವನ ಹತ್ರ. ಅದನ್ನ ಕಲ್ಲುಮಣ್ಣಲ್ಲಿ ಓಡಿಸಿ ಮುರ್ಕೊಳ್ಳೋದು ಅವನ ಚಟ. ಆ ಭಾಗದಲ್ಲಿ ಫೋರ್ ವ್ಹೀಲ್ ಡ್ರೈವ್ ಗಾಡಿಗಳ ಬಿಡಿಭಾಗ ಸಿಗೋದೇ ಕಷ್ಟ ಇತ್ತಂತೆ. ಹಾಗಾಗಿ ಹೆಂಡತಿ ಮರ್ಲಿನ್ ಮತ್ತು ಗೆಳೆಯ ಜಿಮ್ ಕ್ರೇಮರ್ ಜೊತೆ ಸೇರಿ ತಾನೇ ಅಂಗಡಿ ತೆರೆದ. ಅಂಗಡಿಗೆ ಬೋರ್ಡು ಅಂದ್ರೆ ಅವನ ಟ್ರಕ್ಕೇ. ಹೊಸ ಭಾಗ ಏನು ಬಂದ್ರೂ ಮೊದಲು ತನ್ನ ಗಾಡಿಗೆ ಹಾಕೋದು, ಓಡಿಸೋದು, ಮುರಿಯೋದು, ಇನ್ನೂ ಗಟ್ಟಿಯದು ಹಾಕೋದು. ಅಂಗಡಿಯ ಮ್ಯಾನೇಜರ್ ರಾನ್ ಮಗ್ರುಡರ್ ಇದನ್ನೆಲ್ಲ ನೋಡಿ, ಆಕ್ಸಿಲರೇಟರ್ ಮೇಲಿರೋ ನಿನ್ನ ದೊಡ್ಡ ಪಾದದಿಂದಲೇ ಎಲ್ಲಾ ಮುರೀತಿರೋದು ಅಂತ ಗೇಲಿ ಮಾಡಿದ. ಹೆಸರು ಅಂಟಿಕೊಂಡಿತು: ಬಿಗ್‌ಫುಟ್.

ಕೌಪೀನ ಉಳಿಸಿಕೊಳ್ಳೋಕೆ ಬೆಕ್ಕು ಸಾಕಿ, ಬೆಕ್ಕಿಗೆ ಹಾಲು ಬೇಕು ಅಂತ ಹಸು ಕಟ್ಟಿ, ಕೊನೆಗೆ ಸಂಸಾರಿಯೇ ಆಗಿಬಿಟ್ಟ ಸನ್ಯಾಸಿಯ ಕಥೆ ನಿಮಗೆ ಗೊತ್ತಲ್ಲ. ಚಾಂಡ್ಲರ್ ಕಥೆಯೂ ಥೇಟ್ ಅದೇ. ದೊಡ್ಡ ಟೈರು ಹಾಕಿದ, ಆಕ್ಸಲ್ ಮುರೀತು. ಮಿಲಿಟರಿ ಗಾಡಿಯ ಆಕ್ಸಲ್ ತಂದು ಹಾಕಿದ, ಅದನ್ನ ತಿರುಗಿಸೋಕೆ ಎಂಜಿನ್ನಿಗೆ ಶಕ್ತಿ ಸಾಲಲಿಲ್ಲ. ಎಂಜಿನ್ ದೊಡ್ಡದು ಮಾಡಿದ. ಇಷ್ಟು ಶಕ್ತಿ ಇದ್ದ ಮೇಲೆ ಇನ್ನೂ ದೊಡ್ಡ ಟೈರು ಯಾಕಾಗಬಾರದು? ಗಾಡಿ ಅಂಕುಡೊಂಕಲ್ಲಿ ತಿರುಗಲಿ ಅಂತ ಹಿಂದಿನ ಚಕ್ರಗಳೂ ಬೇರೆಯಾಗಿ ತಿರುಗೋ ಹಾಗೆ ಮಾಡಿದ. 1979ರಲ್ಲಿ ಡೆನ್ವರ್‌ನ ಒಂದು ಕಾರ್ ಪ್ರದರ್ಶನಕ್ಕೆ ಇದನ್ನ ದುಡ್ಡು ಕೊಟ್ಟು ಕರೆಸಿದ್ರು. 1981ರಲ್ಲಿ ಬಂದ 'ಟೇಕ್ ದಿಸ್ ಜಾಬ್ ಅಂಡ್ ಶವ್ ಇಟ್' ಅನ್ನೋ ಸಿನೆಮಾದಲ್ಲೂ ಬಿಗ್‌ಫುಟ್ ಮುಖ ತೋರಿಸಿತು. 'ಮಾನ್‌ಸ್ಟರ್ ಟ್ರಕ್' ಅನ್ನೋ ಪದವನ್ನ ಟಂಕಿಸಿದ್ದು ಬಾಬ್ ಜಾರ್ಜ್ ಅನ್ನೋ ಒಬ್ಬ ಶೋ ಆಯೋಜಕ ಅಂತಾರೆ.

ಹೊಲದ ವಿಡಿಯೋ ಮಾಡಿದ್ದು ಅಂಗಡಿಯ ಟಿವಿಯಲ್ಲಿ ಹಾಕೋಕೆ. ಬಂದ ಗಿರಾಕಿಗಳು ನೋಡ್ಲಿ, ಬಿಡಿಭಾಗ ಎಷ್ಟು ಗಟ್ಟಿ ಇವೆ ಅಂತ ಗೊತ್ತಾಗ್ಲಿ ಅನ್ನೋ ಲೆಕ್ಕ. ಅದನ್ನ ನೋಡಿದ ಒಬ್ಬ ಆಯೋಜಕ, ಇದನ್ನ ಜನರ ಮುಂದೆ ಮಾಡ್ತೀಯಾ ಅಂತ ಕೇಳಿದ. ಚಾಂಡ್ಲರ್ ಹಿಂಜರಿದ, ಮುಂದೂಡಿದ. ಬಿಗ್‌ಫುಟ್ ಅಂದ್ರೆ ಒಡೆಯೋ ಮುರಿಯೋ ಗಾಡಿ ಅನ್ನೋ ಹೆಸರು ಬಂದ್ರೆ ಅನ್ನೋ ಅಳುಕು. ನಂಗೆ ಈ ಇಡೀ ಇತಿಹಾಸದಲ್ಲಿ ತುಂಬ ಹಿಡಿಸಿದ್ದು ಈ ಅಳುಕೇ. ಅವನು ಮಾರ್ತಾ ಇದ್ದಿದ್ದು ಮುರಿಯದ ವಸ್ತು. ಜನ ನೋಡ್ಬೇಕು ಅಂತಿದ್ದಿದ್ದು ಮುರಿಯೋದನ್ನ!

ಕೊನೆಗೆ ಒಪ್ಪಿಕೊಂಡ. ಮೊದಲು ಮಿಸೌರಿಯದೇ ಕೊಲಂಬಿಯಾ ಊರಲ್ಲಿ ಒಂದು ಸಣ್ಣ ಪ್ರದರ್ಶನ. ಆಮೇಲೆ ಮಿಶಿಗನ್‌ನ ಪಾಂಟಿಯಾಕ್ ಸಿಲ್ವರ್‌ಡೋಮ್ ಅನ್ನೋ ಭಾರೀ ಸ್ಟೇಡಿಯಂನಲ್ಲಿ, 66 ಇಂಚು ಎತ್ತರದ ಹೊಸ ಟೈರುಗಳ ಜೊತೆ. (ಜನರೆದುರು ಮೊದಲು ಕಾರು ತುಳಿದಿದ್ದು ನನ್ನ ಟ್ರಕ್ಕು ಅಂತ 'ಕಿಂಗ್ ಕಾಂಗ್'ನ ಜೆಫ್ ಡೇನ್ ಹೇಳಿಕೊಂಡಿದ್ದಾನೆ. 'ಮೊದಲಿಗ ಯಾರು' ಅನ್ನೋ ಜಗಳ ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ಮಾತ್ರ ಇರೋದಲ್ಲ ನೋಡಿ :-) )

ಈ 66 ಇಂಚಿನ ಟೈರಿನ ಬಗ್ಗೆ ಸ್ವಲ್ಪ ಹೇಳ್ಬೇಕು. ಅಂದ್ರೆ ಐದೂವರೆ ಅಡಿ, ಹೆಚ್ಚುಕಮ್ಮಿ ನನ್ನೆತ್ತರ. ಅಗಲ ಮೂರೂವರೆ ಅಡಿ. ಇದು ಕಾರು ತುಳಿಯೋಕೆ ಹುಟ್ಟಿದ ಟೈರಲ್ಲ, ಹೊಲಕ್ಕೆ ಗೊಬ್ಬರ ಎರಚೋ ದೊಡ್ಡ ಯಂತ್ರಗಳ ಟೈರು. ಅಷ್ಟು ಅಗಲ ಯಾಕೆ ಅಂದ್ರೆ, ಯಂತ್ರದ ಭಾರವೆಲ್ಲ ಹರಡಿ ಹೋಗಿ ಮಣ್ಣು ಗಟ್ಟಿಯಾಗಬಾರದು, ಬೇರಿಗೆ ತೊಂದರೆ ಆಗಬಾರದು ಅಂತ. ನೆಲಕ್ಕೆ ನೋವಾಗದ ಹಾಗೆ ಹೆಜ್ಜೆ ಇಡಲಿ ಅಂತ ಮಾಡಿದ ಟೈರು ಲೋಕದಲ್ಲಿ ಹೆಸರು ಮಾಡಿದ್ದು ಕಾರುಗಳನ್ನ ತುಳಿದು!

ಮುಂದೆ ಆಗಿದ್ದನ್ನ ಊಹಿಸಬಹುದು. ಒಬ್ಬ ಮಾಡಿದ್ದು ಓಡ್ತಿದೆ ಅಂದ್ರೆ ಹತ್ತು ಜನ ಮಾಡ್ತಾರೆ. ಯುಎಸ್‌ಎ-1, ಬೇರ್‌ಫುಟ್ ಅಂತೆಲ್ಲ ಟ್ರಕ್ಕುಗಳು ಬಂದ್ವು. ಟ್ರ್ಯಾಕ್ಟರ್ ಎಳೆಯೋ ಸ್ಪರ್ಧೆಗಳ ನಡುವೆ ಒಂದು ಐಟಂ ಆಗಿದ್ದ ಇವು ಕೆಲವೇ ವರ್ಷಗಳಲ್ಲಿ ಆ ಸ್ಪರ್ಧೆಗಳನ್ನೇ ಬದಿಗೆ ತಳ್ಳಿದ್ವು. ಟೈರಿನ ಪೈಪೋಟಿ ಎಲ್ಲಿಗೆ ಮುಟ್ತು ಅಂದ್ರೆ, 1986ರಲ್ಲಿ ಚಾಂಡ್ಲರ್ 10 ಅಡಿ ಎತ್ತರದ ಟೈರು ಹಾಕಿ ಬಿಗ್‌ಫುಟ್ 5 ಕಟ್ಟಿದ. ಹಳಿಯಿಲ್ಲದ ನೆಲದಲ್ಲಿ ಓಡಿಸೋಕೆ ಅಂತ ಅಮೆರಿಕದ ಸೈನ್ಯ ಮಾಡಿಸಿದ್ದ ಒಂದು ರೈಲಿನಂಥ ವಾಹನದ ಟೈರುಗಳವು. ಸುಮಾರು 12,700 ಕೆಜಿಯ ಆ ಗಾಡಿ ನೋಡೋಕೆ ಚೆಂದ, ಆದ್ರೆ ಓಟಕ್ಕೆ ಉಪಯೋಗ ಇಲ್ಲ.

ಅಷ್ಟರಲ್ಲಿ ಜನಕ್ಕೆ ನಿಧಾನವಾಗಿ ಕಾರು ತುಳಿಯೋದು ನೋಡಿ ನೋಡಿ ಬೇಜಾರಾಗಿತ್ತು. ಒಂದ್ಸಲ ಚಪ್ಪಾಳೆ, ಎರಡನೇ ಸಲ ಆಕಳಿಕೆ. ಹಾಗಾಗಿ ಓಟದ ಪಂದ್ಯ ಶುರುವಾಯ್ತು. 1988ರಲ್ಲಿ ಟಿಎನ್‌ಟಿ ಮೋಟಾರ್‌ಸ್ಪೋರ್ಟ್ಸ್ ಅನ್ನೋ ಸಂಸ್ಥೆ ವರ್ಷವಿಡೀ ಅಂಕ ಕೂಡಿಸಿ ಚಾಂಪಿಯನ್ ಆರಿಸೋ ಸರಣಿ ನಡೆಸಿತು. ಗೆದ್ದಿದ್ದು ಬಿಗ್‌ಫುಟ್ ಅಲ್ಲ, ಯುಎಸ್‌ಎ-1. ಮರುವರ್ಷ ಚಾಂಡ್ಲರ್ ಬಿಗ್‌ಫುಟ್ 8 ತಂದ. ಕಂಪ್ಯೂಟರ್‌ನಲ್ಲಿ ವಿನ್ಯಾಸ ಮಾಡಿ, ಕೊಳವೆಗಳನ್ನ ಬೆಸೆದು ಕಟ್ಟಿದ ಚಾಸಿ, ನೈಟ್ರೋಜನ್ ತುಂಬಿದ ಶಾಕ್ ಅಬ್ಸಾರ್ಬರ್. ಅಲ್ಲಿಂದಾಚೆಗೆ ಮಾನ್‌ಸ್ಟರ್ ಟ್ರಕ್ಕು ಟ್ರಕ್ಕಾಗಿ ಉಳಿಯಲಿಲ್ಲ. ಹೊರಗೆ ಕಾಣೋ ಮೈ ಬರೀ ಫೈಬರ್‌ಗ್ಲಾಸ್ ಮುಖವಾಡ. ಒಳಗೆ ಪಂಜರ, ಪಂಜರದ ಸರಿ ಮಧ್ಯಕ್ಕೆ ಒಂದು ಸೀಟು, ಹಿಂದೆ ಮೆಥನಾಲ್ ಕುಡಿಯೋ 1,500 ಎಚ್‌ಪಿ ಎಂಜಿನ್. ನಮ್ಮ ಮಾರುತಿ 800ರದ್ದು 37 ಎಚ್‌ಪಿ, ಅಂದ್ರೆ 40 ಮಾರುತಿಗಳು ಸೇರಿ ಒಂದು ಗಾಡಿ. 250 ಅಡಿಯ ಒಂದು ಓಟಕ್ಕೇ 9 ಲೀಟರ್ ಹತ್ರ ಮೆಥನಾಲ್ ಖಾಲಿ ಅಂತಾರೆ. ಮೈಲೇಜ್ ಎಷ್ಟು ಅಂತ ಮಾತ್ರ ಕೇಳ್ಬೇಡಿ. ಚಾಲಕ ಒಂದು ಕೈಯಲ್ಲಿ ಸ್ಟೀರಿಂಗ್ ಹಿಡಿದು ಮುಂದಿನ ಚಕ್ರ ತಿರುಗಿಸ್ತಾನೆ, ಇನ್ನೊಂದು ಕೈಯಲ್ಲಿ ಸಣ್ಣ ಸ್ವಿಚ್ಚೊಂದನ್ನ ಆಚೀಚೆ ಒತ್ತಿ ಹಿಂದಿನ ಚಕ್ರ. ಗಾಡಿ ಗಾಳಿಯಲ್ಲಿದ್ದಾಗಲೂ ಎರಡು ಕೈಗೂ ಕೆಲಸ.

ಈಗ ಸೋತವನ ವಿಷಯಕ್ಕೆ ಬರ್ತೀನಿ. ಉತ್ತರ ಕೆರೊಲಿನಾದ ಡೆನಿಸ್ ಆಂಡರ್ಸನ್ 80ರ ದಶಕದ ಆರಂಭದಲ್ಲಿ ಕೆಸರಿನ ಓಟಕ್ಕೆ ಅಂತ ಒಂದು ಹಳೇ ಫೋರ್ಡ್ ಪಿಕಪ್ಪನ್ನ ರಿಪೇರಿ ಮಾಡ್ಕೊಂಡಿದ್ದ. ಹೊಸ ಗಾಡಿಯವರು ಅದನ್ನ ನೋಡಿ ನಕ್ಕಾಗ, ಇದೇ ಗುಜರಿಯಲ್ಲಿ ನಿಮಗೆಲ್ಲ ಗೋರಿ ತೋಡ್ತೀನಿ ಅಂತ ರೇಗಿದನಂತೆ. ಗಾಡಿಯ ಹೆಸರು 'ಗ್ರೇವ್ ಡಿಗ್ಗರ್' ಆಯ್ತು. ಚಾಂಡ್ಲರ್‌ಗೆ ಇದ್ದಂಥ ಅಳುಕು ಇವನಿಗೆ ಇದ್ದ ಹಾಗೆ ಕಾಣಲ್ಲ. ಮುರಿದ್ರೆ ಮುರೀಲಿ ಅಂತ ಓಡಿಸೋ ಆಸಾಮಿ. ಹಾಗಾಗಿ ಮೊದಲ ಸುತ್ತಲ್ಲೇ ಔಟ್ ಆಗೋದೂ ಇತ್ತು. ಅವನನ್ನ ನೋಡೋಕೇ ಬಂದ ಜನ ಒಂದೇ ಓಟ ನೋಡಿ ಮನೆಗೆ ಹೋಗ್ಬೇಕಾ? 1993ರ ಹೊತ್ತಿಗೆ ಅವನೂ ಅವನಂಥ ಕೆಲವರೂ, ಸೋತ ಮೇಲೆ ಆಯೋಜಕರ ಹತ್ರ ಹೋಗಿ, ಸುಮ್ನೆ ಒಂದೆರಡು ನಿಮಿಷ ಕಣಕ್ಕೆ ಬಿಡಿ ಅಂತ ಕೇಳೋಕೆ ಶುರು ಮಾಡಿದ್ರು. ಗೆಲ್ಲೋದಕ್ಕೇನೂ ಇಲ್ಲ, ಗಾಡಿ ಉಳಿಸಿಕೊಳ್ಳೋ ಚಿಂತೆಯೂ ಇಲ್ಲ. ಗಿರಗಿರ ತಿರುಗಿಸೋದು, ಹಾರಿಸೋದು, ಹಿಂದಿನ ಚಕ್ರದ ಮೇಲೆ ನಿಲ್ಲಿಸೋದು. ಜನ ಗೆದ್ದವನನ್ನ ಮರೆತು ಇವನಿಗೆ ಶಿಳ್ಳೆ ಹೊಡೆದ್ರು! ಅದೇ 'ಫ್ರೀಸ್ಟೈಲ್' ಆಗಿ, 2000ದಿಂದ ತೀರ್ಪುಗಾರರು ಅಂಕ ಕೊಡೋ ಸ್ಪರ್ಧೆಯೇ ಆಯ್ತು. ಮಾನ್‌ಸ್ಟರ್ ಜ್ಯಾಮ್‌ನ ಮೊದಲ ವರ್ಲ್ಡ್ ಫೈನಲ್ಸ್ ಲಾಸ್ ವೇಗಸ್‌ನಲ್ಲಿ ನಡೆದಿದ್ದೂ ಅದೇ ವರ್ಷ.

ಆಮೇಲಿನ ದಾಖಲೆಗಳನ್ನ ಬೇಗ ಹೇಳಿ ಮುಗಿಸ್ತೀನಿ. 1999ರಲ್ಲಿ ಡಾನ್ ರಂಟೆ ಅನ್ನೋ ಚಾಲಕ ಟೆನೆಸ್ಸಿಯ ಸ್ಮಿರ್ನಾದಲ್ಲಿ ಬಿಗ್‌ಫುಟ್ 14ನ್ನ ಬೋಯಿಂಗ್ 727 ವಿಮಾನದ ಮೇಲಿಂದ 202 ಅಡಿ ಹಾರಿಸಿದ. ಕುಸ್ತಿಯಿಂದ ಬಂದ ಡೆಬ್ರಾ ಮಿಸೆಲಿ 2005ರ ವರ್ಲ್ಡ್ ಫೈನಲ್ಸ್‌ನಲ್ಲಿ ಓಟ ಗೆದ್ದಳು. 2010ರಲ್ಲಿ ಕ್ಯಾಮ್ ಮೆಕ್ವೀನ್ ಸ್ಪರ್ಧೆಯ ನಡುವೆಯೇ ಟ್ರಕ್ಕನ್ನ ಹಿಮ್ಮುಖವಾಗಿ ಪಲ್ಟಿ ಹೊಡೆಸಿ ಚಕ್ರದ ಮೇಲೆ ಇಳಿಸಿದ.

ಬೇಗ ಹೇಳಿ ಮುಗಿಸೋಕಾಗದ ವಿಷಯ ಬೇರೆ ಇದೆ. 80ರ ದಶಕದ ಕೊನೆಗೇ ಚಾಂಡ್ಲರ್ ಮತ್ತು ಕೆಲವರು ಸೇರಿ ಮಾನ್‌ಸ್ಟರ್ ಟ್ರಕ್ ರೇಸಿಂಗ್ ಅಸೋಸಿಯೇಷನ್ ಅಂತ ಕಟ್ಟಿ ಸುರಕ್ಷತೆಯ ನಿಯಮ ಮಾಡಿದ್ರು. ಅದ್ರಲ್ಲಿ ಮುಖ್ಯವಾದದ್ದು, ಚಾಲಕನ ಕೈಮೀರಿದ್ರೆ ಹೊರಗೆ ನಿಂತ ಅಧಿಕಾರಿ ರೇಡಿಯೋ ಗುಂಡಿ ಒತ್ತಿ ಎಂಜಿನ್ ನಿಲ್ಲಿಸೋ ವ್ಯವಸ್ಥೆ. ಆದ್ರೂ 2009ರ ಜನವರಿಯಲ್ಲಿ ವಾಷಿಂಗ್ಟನ್ ರಾಜ್ಯದ ಟಕೋಮಾ ಡೋಮ್‌ನಲ್ಲಿ ಟ್ರಕ್ಕಿನ ಲೋಹದ ತುಂಡೊಂದು ಸಿಡಿದು, ಪ್ರೇಕ್ಷಕರ ನಡುವೆ ಕೂತಿದ್ದ 6 ವರ್ಷದ ಹುಡುಗ ಸತ್ತ. 2013ರ ಅಕ್ಟೋಬರ್‌ನಲ್ಲಿ ಮೆಕ್ಸಿಕೋದ ಚಿವಾವಾದಲ್ಲಿ ಟ್ರಕ್ಕು ಸೀದಾ ಜನರ ಮೇಲೆ ನುಗ್ಗಿ ಕನಿಷ್ಠ 8 ಮಂದಿ ಹೋದ್ರು, ಹತ್ತಾರು ಮಂದಿಗೆ ಗಾಯ. 2014ರ ಸೆಪ್ಟೆಂಬರ್ 28ರಂದು ನೆದರ್ಲೆಂಡ್ಸ್‌ನ ಹಾಕ್ಸ್‌ಬರ್ಗನ್ ಊರಲ್ಲಿ ಇನ್ನೂ 3 ಮಂದಿ, ಅದರಲ್ಲೊಂದು ಮಗು. ಅಲ್ಲಿನ ಸುರಕ್ಷತಾ ಮಂಡಳಿ ತನಿಖೆ ಮಾಡಿ, ಅನುಮತಿ ಕೊಟ್ಟ ಸ್ಥಳೀಯ ಆಡಳಿತದ ತಪ್ಪನ್ನೂ ಎತ್ತಿ ತೋರಿಸಿತು.

ಚಿವಾವಾದ ವಿಡಿಯೋವನ್ನ ನಾನು ಒಂದೇ ಸಲ ನೋಡಿದ್ದು. ಟ್ರಕ್ಕು ಕಾರುಗಳ ಮೇಲಿಂದ ಇಳಿದು ನಿಲ್ಲಬೇಕಾದಲ್ಲಿ ನಿಲ್ಲಲ್ಲ. ಎದುರಿಗೆ ನಿಂತ ಜನಕ್ಕೂ ಅದಕ್ಕೂ ನಡುವೆ ತಡೆಯೋಂಥದ್ದು ಏನೂ ಇಲ್ಲ. ದೊಡ್ಡ ಸ್ಟೇಡಿಯಂಗಳಲ್ಲಿ ಕೆಳಗಿನ ಸಾಲುಗಳನ್ನ ಖಾಲಿ ಬಿಡ್ತಾರೆ, ಗೋಡೆ ಇರುತ್ತೆ. ಬಯಲಲ್ಲಿ ನಡೆಯೋ ಪ್ರದರ್ಶನದಲ್ಲಿ ಅಂತರ ಅನ್ನೋದು ಆಯೋಜಕ ಎಳೆದ ಗೆರೆ ಅಷ್ಟೇ. ಹತ್ತಿರ ಹೋದಷ್ಟೂ ಮಜಾ ಅನ್ನೋದು ನಮಗೂ ಗೊತ್ತು, ಜಾತ್ರೆಯಲ್ಲಿ ತೇರಿನ ಗಾಲಿ ಪಕ್ಕದಲ್ಲೇ ನಿಂತು ಬೆಳೆದವರು ನಾವು. ಅದಕ್ಕೇ ಇದನ್ನ 'ಅಮೆರಿಕದವರ ಹುಚ್ಚು' ಅಂತ ತಳ್ಳಿಹಾಕೋಕೆ ಈಗ ನಂಗೆ ಮನಸ್ಸಾಗಲ್ಲ. ಸಾವಿನ ಲೆಕ್ಕದಲ್ಲಿ ತಪ್ಪು ಯಾರದ್ದು ಅಂದ್ರೆ ಚಾಲಕ, ಯಂತ್ರ ಅಂತ ಬೆರಳು ತೋರಿಸ್ತಾರೆ. ನಂಗೇನೋ ಆ ಗೆರೆ ಎಳೆದವರನ್ನೇ ಮೊದಲು ಕೇಳ್ಬೇಕು ಅನ್ಸುತ್ತೆ.

ಇನ್ನು ಈ ಆಟದ ಯಜಮಾನರು. ಮಾನ್‌ಸ್ಟರ್ ಜ್ಯಾಮ್ 2008ರಲ್ಲಿ ಫೆಲ್ಡ್ ಎಂಟರ್‌ಟೇನ್‌ಮೆಂಟ್ ಕೈಗೆ ಬಂತು. ಅವರು ಯಾರು ಗೊತ್ತಾ? ರಿಂಗ್ಲಿಂಗ್ ಬ್ರದರ್ಸ್ ಸರ್ಕಸ್ಸಿನ ಮಾಲೀಕರು! ಅರ್ವಿನ್ ಫೆಲ್ಡ್ 1967ರಲ್ಲಿ ಸರ್ಕಸ್ ಕೊಂಡಾಗ ಕಾಗದಕ್ಕೆ ಸಹಿ ಹಾಕೋ ಸಮಾರಂಭ ಇಟ್ಕೊಂಡಿದ್ದು ರೋಮಿನ ಕೊಲೋಸಿಯಂನಲ್ಲಿ. 2016ರಲ್ಲಿ ಅವರ ಆನೆಗಳು ನಿವೃತ್ತಿಯಾದ್ವು, 2017ರ ಮೇನಲ್ಲಿ ಸರ್ಕಸ್ಸೇ ನಿಂತಿತು, 2023ರಲ್ಲಿ ಪ್ರಾಣಿಗಳಿಲ್ಲದೆ ಮತ್ತೆ ಶುರುವಾಯ್ತು. ಇತ್ತ ಟ್ರಕ್ಕುಗಳು ಮಾತ್ರ ಪ್ರಾಣಿವೇಷ ಹಾಕ್ಕೊಂಡು ಓಡಿದ್ವು. 'ಮಾನ್‌ಸ್ಟರ್ ಮಟ್' ಅನ್ನೋದಕ್ಕೆ ಜೋತಾಡೋ ನಾಯಿಕಿವಿ, ನಾಲಿಗೆ ಎಲ್ಲಾ ಇತ್ತು. ಎಲ್ಲಕ್ಕೂ ಮೂಲವಾದ ಬಿಗ್‌ಫುಟ್ಟೇ ಈ ಸರ್ಕಸ್ಸಲ್ಲಿ ಇಲ್ಲ. 1998ರಲ್ಲೇ ಆಗಿನ ಆಯೋಜಕರ ಜೊತೆ ವಿಡಿಯೋ, ಫೋಟೋಗಳ ಹಕ್ಕಿನ ವಿಚಾರಕ್ಕೆ ಮನಸ್ತಾಪ ಆಗಿ ಚಾಂಡ್ಲರ್ ಹೊರಗೆ ಬಂದ. ಅಂಗಡಿಯ ಒಂದು ವಿಡಿಯೋದಿಂದ ಶುರುವಾದ ಕಥೆಯಲ್ಲಿ ಜಗಳ ಬಂದಿದ್ದೂ ವಿಡಿಯೋದಿಂದಲೇ, ನೋಡಿ. ಡೆನಿಸ್ ಆಂಡರ್ಸನ್ 2017ರಲ್ಲಿ ಪ್ರದರ್ಶನವೊಂದರಲ್ಲಿ ಪೆಟ್ಟು ತಿಂದು ನಿವೃತ್ತನಾದ. ಮಕ್ಕಳಾದ ಆಡಂ, ರಯಾನ್, ಕ್ರಿಸ್ಟೆನ್ ಮೂವರೂ ಅಪ್ಪನ ಹಾದಿಯಲ್ಲೇ ಚಾಲಕರಾದ್ರು.

ಹ್ಞಾಂ, ಟೈರಿನ ಕಥೆ ಅರ್ಧಕ್ಕೆ ನಿಂತಿತ್ತಲ್ಲ. ಎಷ್ಟೋ ವರ್ಷ ತಂಡದವರು ಆ ಗೊಬ್ಬರದ ಗಾಡಿಯ ಟೈರುಗಳನ್ನೇ ತಂದು, ತೂಕ ಇಳಿಸೋಕೆ ಅಂತ ಕೂತು ಕೈಯಲ್ಲಿ ರಬ್ಬರ್ ಕೆತ್ತಿ ತೆಗೀತಾ ಇದ್ರು. ಮಾನ್‌ಸ್ಟರ್ ಜ್ಯಾಮ್‌ಗೆ ಅಂತಲೇ ಬೇರೆ ಟೈರು ಮಾಡಿಕೊಡೋ ಒಪ್ಪಂದ ಆಗಿದ್ದು 2014ರಲ್ಲಿ, ಬಿಕೆಟಿ ಅನ್ನೋ ಕಂಪನಿ ಜೊತೆ. ಬಿಕೆಟಿ ಅಂದ್ರೆ ಬಾಲಕೃಷ್ಣ ಇಂಡಸ್ಟ್ರೀಸ್, ನಮ್ಮ ಮುಂಬೈಯದು. ಅವರು ಹೆಸರು ಮಾಡಿದ್ದು ಟ್ರ್ಯಾಕ್ಟರ್ ಮತ್ತು ಹೊಲದ ಯಂತ್ರಗಳ ಟೈರಿನಲ್ಲೇ. ಊರಲ್ಲಿ ಯಾರದ್ದಾದ್ರೂ ಟ್ರ್ಯಾಕ್ಟರ್ ನಿಂತಿದ್ರೆ ಒಂದ್ಸಲ ಟೈರಿನ ಪಕ್ಕ ಬಗ್ಗಿ ನೋಡಿ, ಆ ಮೂರಕ್ಷರ ಕಂಡ್ರೂ ಕಾಣಬಹುದು.