ಡಿಡಿಟಿಗೆ ಸಾಯದ ಸೊಳ್ಳೆ (ಭಾಗ 1)

ಬೀದರ್, ಭಾಲ್ಕಿ, ಔರಾದ್ ಗೆಳೆಯರೇ, ಮನೇಲಿ ಅಜ್ಜ-ಅಜ್ಜಿಗೆ ಕೇಳ್ರಿ: 'ಡಿಡಿಟಿ ಹೊಡೆಯೋರು ಬರ್ತಿದ್ರಾ?' ಗೋಡೆ ಮೇಲಿನ ಆ ಬಿಳಿ ಕಲೆ ಹಿಂದೆ ದೊಡ್ಡ ಕಥೆ ಅದ. 👇

1897ರಲ್ಲಿ ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ಪರಾವಲಂಬಿಯನ್ನು ಕಂಡರು. ಆಗ ನಮ್ಮ ಬೀದರ್ ಕೂಡ ಅದೇ ನಿಜಾಮರ ರಾಜ್ಯದಲ್ಲಿತ್ತು.

1953ರಲ್ಲಿ ದೇಶದ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಯ್ತು, ಮನೆ ಗೋಡೆಗಳಿಗೆ ಡಿಡಿಟಿ ಬಿತ್ತು. ವರ್ಷಕ್ಕೆ ಸುಮಾರು 7.5 ಕೋಟಿ ಇದ್ದ ಪ್ರಕರಣಗಳು 1965ರ ಹೊತ್ತಿಗೆ ಸುಮಾರು 1 ಲಕ್ಷಕ್ಕೆ ಇಳಿದವು. ಗೆದ್ದೇ ಬಿಟ್ವಿ ಅಂದ್ಕೊಂಡ್ರು. 1976ರಲ್ಲಿ ಮತ್ತೆ 64 ಲಕ್ಷ!

ಯಾಕೆ? ಕಾರಣ ಹಲವು. ಒಂದು, ನಿರೋಧಕ ಶಕ್ತಿ. ಸೊಳ್ಳೆ ಏನೂ ಕಲಿಯಲ್ಲ. ಕೆಲವು ಹುಟ್ಟಿನಿಂದ್ಲೇ ವಿಷ ತಡೀತಾವ. ಉಳಿದವು ಸತ್ತಾಗ ಅವುಗಳ ಸಂತಾನವೇ ಊರು ತುಂಬ್ತದ.

ಅದಕ್ಕೇ ಲ್ಯಾಬ್ ಪರೀಕ್ಷೆ. ವಿಶ್ವ ಆರೋಗ್ಯ ಸಂಸ್ಥೆಯ ಪದ್ಧತಿ ಹೀಗದ: ಔಷಧಿ ಸವರಿದ ಕಾಗದವಿರೋ ಕೊಳವೆಗಳಲ್ಲಿ ಸುಮಾರು 25ರಂತೆ ಹೆಣ್ಣು ಸೊಳ್ಳೆಗಳನ್ನು 1 ಗಂಟೆ ಇಟ್ಟು, 24 ಗಂಟೆ ಬಿಟ್ಟು ಸತ್ತವನ್ನು ಎಣಿಸ್ತಾರ. ಹೋಲಿಕೆಗೆ ಔಷಧಿ ಇಲ್ಲದ ಕೊಳವೆನೂ ಇರ್ತದ. 98% ಅಥವಾ ಹೆಚ್ಚು ಸತ್ರೆ ಔಷಧಿ ನಡೀತದ. 90%ಕ್ಕಿಂತ ಕಡಿಮೆ ಸತ್ರೆ, ಸೊಳ್ಳೆ ಗೆದ್ದಂಗೆ.

ಡಿಡಿಟಿ, ಪೈರೆಥ್ರಾಯ್ಡ್ ಎರಡೂ ಸೊಳ್ಳೆಯ ನರಕ್ಕೆ ಹೊಡೀತಾವ. ಹೊಸ ಪರದೆಗಳಲ್ಲಿರೋ ಕ್ಲೋರ್ಫೆನಾಪಿರ್ ಜೀವಕೋಶದ ಶಕ್ತಿ ತಯಾರಿಕೆಯನ್ನೇ ಕೆಡಿಸ್ತದ. 2023ರಲ್ಲಿ ಇಂಥ ಪರದೆಗಳಿಗೆ ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸು ಸಿಕ್ತು. ಇದಕ್ಕೂ ಸೊಳ್ಳೆ ಒಗ್ಗಿದ್ರೆ? ಪರೀಕ್ಷೆ ನಿಲ್ಲಿಸೋ ಹಾಗಿಲ್ಲ.

ನೀವು ಮಾತ್ರ ವಾರಕ್ಕೊಮ್ಮೆ ಡ್ರಮ್ಮು, ಕೂಲರ್ ಖಾಲಿ ಮಾಡಿ ಉಜ್ರಿ. ಚೆಲ್ಲಿದ ನೀರಿಗೆ ಯಾವ ಸೊಳ್ಳೆಗೂ ನಿರೋಧಕ ಶಕ್ತಿ ಇಲ್ಲ. 🦟

#ನಮ್ಮಬೀದರ್ #ಭಾಲ್ಕಿ #ಔರಾದ್ #ಇತಿಹಾಸ